ಮನೆ ಖಾಲಿ

ಕಂಪ್ಯೂಟರ್ ಟೇಬಲ್ಲು ಕೋಣೆಯ ಬಾಗಿಲಲ್ಲಿ ಅಡ್ಡಡ್ಡ ಸಿಕ್ಕಿಕೊಂಡು, ಒಳಕ್ಕೂ ಬರದೆ ಹೊರಕ್ಕೂ ಹೋಗದೆ ನಿಂತಿತ್ತು. ಒಳಗೆ ಮಂಚದ ಮೇಲೆ ಅಕ್ಕನ ದೇಹ; ಅದನ್ನು ಹೊರತರಲು ಜಾಗ ಮಾಡಲೆಂದೇ ಟೇಬಲ್ಲು ಎತ್ತಿದ್ದು. ಕೆಳಗೆ ಬೀದಿಯಲ್ಲಿ ಶವದ ಗಾಡಿಯವನು ಮತ್ತೊಮ್ಮೆ ಹಾರ್ನ್ ಒತ್ತಿದ.

"ಕಾಲು ಬಿಚ್ಚಬೇಕು ಕಣಯ್ಯಾ," ಎಂದ ಎದುರು ಮನೆಯ ಬಡಗಿ.

"ಯಾರ ಕಾಲು?" ಎಂದ ತಮ್ಮ ಒಳಗಿನಿಂದ.

"ಟೇಬಲ್ದು."

ತಮ್ಮ ಬಗ್ಗಿ ನೋಡಿದ. ದಿನಾ ಕನ್ನಡಕದ ಚೌಕಟ್ಟುಗಳಿಗೆ ಸಾಸಿವೆಯಷ್ಟು ಸ್ಕ್ರೂ ಹಾಕುವ ಮನುಷ್ಯ. ಇಷ್ಟು ದಪ್ಪ ಬೋಲ್ಟು ಎದುರಿಗಿದ್ದರೂ ಅದನ್ನು ಯಾವ ಕಡೆಗೆ ತಿರುಗಿಸಬೇಕೆಂದು ಹೊಳೆಯಲಿಲ್ಲ.

"ಅಲ್ಲ, ಇದು ಒಳಗೆ ಬಂದಿದ್ದಾದ್ರೂ ಹೇಗೆ?"

"ಒಳಗೇ ಜೋಡಿಸಿದ್ರಿ," ಎಂದಳು ಹೆಂಡತಿ. "ನೀವೇ ಜೋಡಿಸಿದ್ದು."

ಆಗಲೇ ಮೆಟ್ಟಿಲಲ್ಲಿ ಇಬ್ಬರು ಅಪರಿಚಿತರು ಕಾಣಿಸಿಕೊಂಡರು. ಒಬ್ಬ ಗಡ್ಡದವನು. ಅವನ ಹಿಂದೆ ಏದುಸಿರು ಬಿಡುತ್ತ ಒಬ್ಬಳು ಎತ್ತರದ ಹೆಂಗಸು.

"ಗುಬ್ಬಿ ಅವರ ಮನೆ ಇದೇನಾ?" ಎಂದು ಕೇಳಿದ ಗಡ್ಡದವನು.

"ಗುಬ್ಬಿ ಗಿಬ್ಬಿ ಯಾರೂ ಇಲ್ಲಪ್ಪ ಇಲ್ಲಿ," ಎಂದ ಬಡಗಿ. "ಸಾವಾಗಿರೋ ಮನೆ ಇದು. ಮೇಲಿನ ಮಹಡೀಲಿ ಕೇಳಿ."

ತಮ್ಮ ಟೇಬಲ್ಲಿನ ಮೇಲಿಂದ ತಲೆಯೆತ್ತಿದ. "ಏನಂದ್ರಿ? ಇನ್ನೊಂದ್ಸಲ ಹೇಳಿ."

ಗುಬ್ಬಿ ಎಂದು ಅಕ್ಕನನ್ನು ಕರೆಯುತ್ತಿದ್ದವಳು ಅವರ ಅಮ್ಮ ಒಬ್ಬಳೇ. ಅಮ್ಮ ಹೋದ ಮೇಲೆ ಆ ಹೆಸರನ್ನು ಯಾರೂ ಬಾಯಲ್ಲಿ ಆಡಿರಲಿಲ್ಲ. ಚಿಕ್ಕವನಾದ ಅವನಿಗೂ ಆ ಸಲಿಗೆ ಇರಲಿಲ್ಲ.

"ನಾವು ಅವರ ಜೊತೆ ಕೆಲಸ ಮಾಡೋರು," ಎಂದಳು ಎತ್ತರದ ಹೆಂಗಸು. "ಅವರ ಹಳೇ ಆಫೀಸಿನವರೊಬ್ರು ನಮ್ಮ ಗುಂಪಲ್ಲಿದ್ದಾರೆ. ಬೆಳಿಗ್ಗೆ ಅವರೇ ತಿಳಿಸಿದ್ರು."

"ಅಕ್ಕ ಕೆಲಸ ಬಿಟ್ಟು ಎಷ್ಟೋ ವರ್ಷ ಆಯ್ತಲ್ರೀ."

ಅಪರಿಚಿತರು ಮುಖ ಮುಖ ನೋಡಿಕೊಂಡರು. "ಮೊನ್ನೆ ತನಕ ಮಾಡಿದ್ದಾರಲ್ಲ," ಎಂದ ಗಡ್ಡದವನು.

ಎತ್ತರದ ಹೆಂಗಸು ಚಪ್ಪಲಿ ಬಿಟ್ಟು, ಕೈಚೀಲವನ್ನು ಎದೆಗವಚಿಕೊಂಡು, ಟೇಬಲ್ಲಿನ ಕೆಳಗೆ ಮಂಡಿಯೂರಿ ನುಸುಳಿ ಒಳಗೆ ಬಂದಳು. ಎದ್ದು ನಿಂತು ಸೀರೆ ಕೊಡವಿಕೊಂಡು, ಅಕ್ಕನ ಮುಖವನ್ನು ಮೊದಲ ಬಾರಿಗೆ ನೋಡುವವಳ ಹಾಗೆ ನೋಡಿದಳು. ನಿಜಕ್ಕೂ ಅದು ಮೊದಲ ಬಾರಿಯೇ ಆಗಿತ್ತು.

*

ಅಕ್ಕ ಒಂದು ಆಸ್ಪತ್ರೆಯ ಕಂಪ್ಯೂಟರ್ ಕೋಣೆಯನ್ನು ನೋಡಿಕೊಳ್ಳುತ್ತಿದ್ದಳು. ರೋಗಿಗಳ ವಿವರ, ಔಷಧದ ದಾಸ್ತಾನು, ಎಕ್ಸ್‌ರೇ ಚಿತ್ರ ಎಲ್ಲವೂ ಅಲ್ಲಿನ ಯಂತ್ರಗಳ ಮೇಲೆ ನಡೆಯಬೇಕು. ಅದಕ್ಕೆ ಅವಳು ಬಳಸುತ್ತಿದ್ದದ್ದು ಒಂದು ಕ್ಲಸ್ಟರ್ ಸಾಫ್ಟ್‌ವೇರ್. ಪ್ರತಿಯೊಂದು ಪ್ರೋಗ್ರಾಮನ್ನೂ ಅದರ ಸರಂಜಾಮಿನ ಸಮೇತ ಕಂಟೇನರ್ ಎಂಬ ಡಬ್ಬಿಯಲ್ಲಿ ಕಟ್ಟಿ, ಆ ಡಬ್ಬಿಗಳನ್ನು ಅದು ಹಲವು ಯಂತ್ರಗಳಿಗೆ ಹಂಚುತ್ತಿತ್ತು. ಒಂದು ಯಂತ್ರ ಕೆಟ್ಟರೆ ಅದರ ಡಬ್ಬಿಗಳು ಪಕ್ಕದ ಯಂತ್ರದಲ್ಲಿ ತಾವೇ ಎದ್ದು ನಿಲ್ಲುತ್ತಿದ್ದವು. ಅದು ಯಾವ ಕಂಪನಿಯ ಸ್ವತ್ತೂ ಅಲ್ಲ; ಎಲ್ಲೆಲ್ಲಿಯವರೋ ಸೇರಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು.

ಒಂದು ಬೆಳಿಗ್ಗೆ ಆ ಕೋಣೆಯಲ್ಲೇ ಅವಳಿಗೆ ಲಕ್ವ ಹೊಡೆಯಿತು. ಅದೇ ಮಹಡಿಯಲ್ಲಿ ವೈದ್ಯರಿದ್ದುದರಿಂದ ಜೀವ ಉಳಿಯಿತು. ಕೈಯೂ ಕಾಲೂ ನಿಧಾನವಾಗಿ ಮರಳಿದವು. ಮಾತು ಮಾತ್ರ ಮರಳಲಿಲ್ಲ. ಬಾಚಣಿಗೆ ಬೇಕಾದಾಗ ಛತ್ರಿ ಎನ್ನುತ್ತಿದ್ದಳು. ಛತ್ರಿ ಕೊಟ್ಟರೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಉದ್ದನೆಯ ವಾಕ್ಯ ಓದಲು ಹೋದರೆ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಕೈತಪ್ಪುತ್ತಿತ್ತು. ಆಸ್ಪತ್ರೆಯವರು ಮರ್ಯಾದೆಯಿಂದಲೇ ಕೆಲಸದಿಂದ ಬಿಡಿಸಿದರು. ತಮ್ಮ ತನ್ನ ಮನೆಗೆ ಕರೆತಂದ.

ತಮ್ಮನ ಹೆಂಡತಿಯ ಹೆಸರು ಅವಳ ನಾಲಿಗೆಗೆ ಬರಲೇ ಇಲ್ಲ. ಒಂದು ದಿನ ಬಹಳ ಹೊತ್ತು ತಡವರಿಸಿ, ಕೊನೆಗೆ "ಕಿಟಕಿ" ಎಂದಳು. ಅಂದಿನಿಂದ ಅವಳು ಕಿಟಕಿಯೇ.

"ಇರ್ಲಿ ಬಿಡಿ ಅತ್ತಿಗೆ," ಎಂದಿದ್ದಳು ಅವಳು. "ಹೊಸಿಲು ಅನ್ನಲಿಲ್ವಲ್ಲ. ಎಲ್ಲರೂ ತುಳಿದುಕೊಂಡು ಓಡಾಡೋರು."

ಅಕ್ಕ ನಕ್ಕಳು. ನಗು ಮಾತ್ರ ಹಳೆಯದೇ ಉಳಿದಿತ್ತು.

*

ಬೆಳಗಿನ ಹೊತ್ತು ಅಕ್ಕ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಒಂದು ಕಡೆ ಒತ್ತುವುದು, ತೆರೆದದ್ದನ್ನು ನೋಡುವುದು, ಹಿಂದಕ್ಕೆ ಬರುವುದು, ಮತ್ತೆ ಒತ್ತುವುದು. ಬೇಕರಿಯ ಬೆಳಗಿನ ಪಾಳಿ ಮುಗಿಸಿ ಬಂದ ತಮ್ಮನ ಹೆಂಡತಿ ಟೀ ಹಿಡಿದು ಹೋದಾಗಲೂ ಅದೇ.

"ಏನ್ ಮಾಡ್ತಾರೆ ಅಷ್ಟು ಹೊತ್ತು?" ಎಂದು ಗಂಡನನ್ನು ಕೇಳಿದ್ದಳು.

"ಏನೋ ಆಟ ಇರ್ಬೇಕು. ಆಡ್ಕೊಳ್ಲಿ."

ಎರಡು ಕೋಣೆಯ ಮನೆ. ಇಬ್ಬರೂ ಕೆಲಸಕ್ಕೆ ಹೋದ ಬೆಳಗಿನ ಹೊತ್ತು ನೋಡಿಕೊಳ್ಳುವವರಿಲ್ಲ. ಒಲೆ ಉರಿಯುತ್ತಲೇ ಬಿಟ್ಟು ಮರೆತದ್ದು, ಬೀಗ ಹಾಕದೆ ಬೀದಿಗಿಳಿದದ್ದು ಎಲ್ಲ ಆಯಿತು. ಕೊನೆಗೊಂದು ಸಂಜೆ ಗಂಡ ಹೆಂಡಿರು ಅಡುಗೆಮನೆಯಲ್ಲಿ ದನಿ ತಗ್ಗಿಸಿ ಮಾತಾಡಿ, ಊರಾಚೆಯ ಆರೈಕೆ ಕೇಂದ್ರಕ್ಕೆ ಸೇರಿಸುವುದೆಂದು ನಿಶ್ಚಯಿಸಿದರು. ಇಬ್ಬರಿಗೂ ಅನ್ನ ಸೇರಲಿಲ್ಲ. ಆದರೂ ನಿಶ್ಚಯ ನಿಶ್ಚಯವೇ.

ಮರುದಿನ ತಮ್ಮನ ಹೆಂಡತಿ ಟೀ ತಂದಾಗ ಅಕ್ಕ ಪರದೆಯಿಂದ ಈ ಕಡೆಗೆ ತಿರುಗಿದಳು. ಕಣ್ಣು ತುಂಬಿತ್ತು.

"ಮನೆ ಖಾಲಿ," ಎಂದಳು.

"ಏನ್ ಅತ್ತಿಗೆ?"

"ಮನೆ ಖಾಲಿ. ಮನೆ ಬದ್ಲು. ಹೇಳ್ಲಿಲ್ಲ. ಯಾರೂ ಹೇಳ್ಲಿಲ್ಲ."

ಅವಳು ಲೋಟವನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಳು. ಗಂಡನ ಕನ್ನಡಕದ ಅಂಗಡಿಗೆ ಫೋನ್ ಮಾಡಿ, "ರೀ, ಅತ್ತಿಗೆಗೆ ಗೊತ್ತಾಗಿಬಿಟ್ಟಿದೆ," ಎಂದಳು. ತಮ್ಮ ಆರೈಕೆ ಕೇಂದ್ರಕ್ಕೆ ತಾನೇ ಫೋನ್ ಮಾಡಿ ಬೇಡವೆಂದ. ಹೆಂಡತಿ ಸಂಜೆಯ ಪಾಳಿಗೆ ಬದಲಾಯಿಸಿಕೊಂಡಳು. ತಮ್ಮ ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚತೊಡಗಿದ. ಹೀಗೆ ಅಕ್ಕ ಉಳಿದಳು.

ಆಮೇಲೂ ವಾರಕ್ಕೊಮ್ಮೆಯಾದರೂ ಅವಳ ಬಾಯಲ್ಲಿ ಅದೇ ಮಾತು. "ಮನೆ ಖಾಲಿ, ಕಿಟಕಿ."

"ಇಲ್ಲ ಅತ್ತಿಗೆ, ಯಾರೂ ಖಾಲಿ ಮಾಡ್ಸಲ್ಲ. ಇಲ್ಲೇ ಇರ್ತೀರಿ ನೀವು," ಎಂದು ತಮ್ಮನ ಹೆಂಡತಿ ಪ್ರತಿ ಸಲವೂ ಕೈ ಹಿಡಿದು ಹೇಳುತ್ತಿದ್ದಳು. ಅಕ್ಕ ಅವಳನ್ನು ಒಂದು ಬಗೆಯ ಗಲಿಬಿಲಿಯಿಂದ ನೋಡಿ, ಆಮೇಲೆ ಅವಳಿಗೇ ಸಮಾಧಾನವಾಗಲಿ ಎಂಬಂತೆ ತಲೆಯಾಡಿಸಿ, ಪರದೆಯ ಕಡೆಗೆ ತಿರುಗುತ್ತಿದ್ದಳು.

*

ಬಡಗಿ ಟೇಬಲ್ಲಿನ ಕಾಲು ಬಿಚ್ಚಿ ದಾರಿ ಮಾಡಿದ ಮೇಲೆ ಅಕ್ಕನನ್ನು ತಂದರೆ, ಚಿತಾಗಾರದಲ್ಲಿ ಇನ್ನೊಂದು ಮನೆಯವರ ಸರದಿ ಮುಗಿದಿರಲಿಲ್ಲ. ಕಾಯುವ ಕೋಣೆಯ ಬೆಂಚಿನ ಮೇಲೆ ತಮ್ಮನ ಹೆಂಡತಿಯ ಪಕ್ಕ ಆ ಇಬ್ಬರು ಕೂತರು. ತಮ್ಮ ಕಚೇರಿಯಲ್ಲಿ ಸಹಿ ಹಾಕಲು ಹೋಗಿದ್ದ.

"ನಿಜವಾಗಿ ಏನು ಕೆಲಸ ಮಾಡ್ತಿದ್ರು ನಮ್ಮತ್ತಿಗೆ?" ಎಂದು ಕೇಳಿದಳು ಅವಳು.

ಗಡ್ಡದವನು ಫೋನ್ ತೆಗೆದ. ಹೊಸಬರು ಆ ಕ್ಲಸ್ಟರ್ ಸಾಫ್ಟ್‌ವೇರನ್ನು ತಮ್ಮ ಯಂತ್ರದಲ್ಲಿ ಹೇಗೆ ಕೂರಿಸಿಕೊಳ್ಳಬೇಕೆಂದು ಹಂತ ಹಂತವಾಗಿ ಹೇಳುವ ಪುಟಗಳು. ಇವರ ಗುಂಪು ಅವನ್ನು ಕನ್ನಡದಲ್ಲಿ ನೋಡಿಕೊಳ್ಳುತ್ತಿತ್ತು. ನಡುನಡುವೆ ನೀಲಿ ಅಕ್ಷರಗಳು.

"ಈ ನೀಲಿ ಇದೆಯಲ್ಲ, ಇದನ್ನ ಒತ್ತಿದ್ರೆ ಬೇರೆಯವರ ಪುಟಕ್ಕೆ ಹೋಗುತ್ತೆ. ಇಲ್ಲಿಂದ ಇದನ್ನ ಇಳಿಸ್ಕೊಳ್ಳಿ, ಅದನ್ನ ಅಲ್ಲಿ ಓದಿ ಅಂತ. ಆದ್ರೆ ಅವರು ಹೇಳದೆ ಕೇಳದೆ ಪುಟ ಎತ್ತಿ ಬೇರೆ ಕಡೆ ಇಟ್ಟುಬಿಡ್ತಾರೆ. ಇಲ್ಲಾ ತೆಗೆದೇ ಹಾಕ್ತಾರೆ. ಹೊಸಬ ಅಲ್ಲಿಗೆ ಹೋದ್ರೆ ಏನೂ ಇರಲ್ಲ. ಅಲ್ಲೇ ಕೈ ಚೆಲ್ಲಿ ಕೂತ್ಕೋತಾನೆ. ನಿಮ್ಮತ್ತಿಗೆ ದಿನಾ ಒಂದೊಂದನ್ನೂ ಒತ್ತಿ ನೋಡಿ, ಸತ್ತಿರೋದನ್ನ ನಮಗೆ ಹೇಳೋರು. ಹೊಸ ಜಾಗ ಸಿಕ್ಕಿದ್ರೆ ಅವರೇ ಹಾಕೋರು."

"ಮಾತೇ ಬರ್ತಿರ್ಲಿಲ್ಲ ಅವರಿಗೆ."

"ಎರಡೆರಡೇ ಪದ ಬರೆಯೋರು," ಎಂದಳು ಎತ್ತರದ ಹೆಂಗಸು. "ಮೊದಮೊದಲು ಯಾವುದೋ ಯಂತ್ರ ಬರೀತಿದೆ ಅಂದ್ಕೊಂಡಿದ್ವಿ. ನಾನು ಹಾಗಂತ ಕೇಳಿಯೂ ಬಿಟ್ಟೆ. ಅದಕ್ಕೆ ಬರೆದ್ರು: ಗುಬ್ಬಿ. ತಲೆ ಪೆಟ್ಟು. ಮನುಷ್ಯಳು." ಅವಳು ನಗಲು ಹೋಗಿ ಮೂಗು ಒರೆಸಿಕೊಂಡಳು. "ಆಮೇಲೆ ನಾವೂ ಅವರ ಭಾಷೇನೇ ಕಲಿತ್ವಿ. ಪುಟ ಬೇರೆ ಕಡೆ ಹೋಗಿದ್ರೆ 'ಮನೆ ಬದ್ಲು'. ಪುಟಾನೇ ಇಲ್ಲ ಅಂದ್ರೆ 'ಮನೆ ಖಾಲಿ'. ಈಗ ಗುಂಪಲ್ಲಿ ಎಲ್ಲರೂ ಹಾಗೇ ಬರೆಯೋದು."

ತಮ್ಮನ ಹೆಂಡತಿ ಅವಳನ್ನೇ ನೋಡುತ್ತ ಕೂತಳು.

"ಮನೆ ಖಾಲಿ ಅಂದ್ರೆ ಇದಾ?"

"ಹೂಂ. ಯಾಕೆ?"

"ಬೇರೇನೂ ಅಲ್ವಾ?"

"ಬೇರೇನಿರುತ್ತೆ?"

ಗೋಡೆಯ ಫ್ಯಾನು ಒಮ್ಮೆ ಈ ಕಡೆ ತಿರುಗಿ ಒಮ್ಮೆ ಆ ಕಡೆ ತಿರುಗಿತು.

"ನಮಗೂ ಒಂದು ಅರ್ಥ ಆಗದೇ ಉಳಿದಿದೆ," ಎಂದ ಗಡ್ಡದವನು. "ಆಗಾಗ ಬರೆಯೋರು. 'ಕಿಟಕಿ ಬಂತು. ಟೀ.' ಇನ್ನೊಂದು ದಿನ, 'ಕಿಟಕಿ ಕೈ ಹಿಡೀತು.' ಪರದೆ ಮೇಲೆ ಯಾವುದೋ ಕಿಟಕಿ ತೆರ್ಕೊಂಡು ಮುಚ್ಚಕ್ಕೆ ಬರ್ತಿಲ್ಲ ಅಂತ ತಿಳಿದು, ಪಾಪ, ನಾನು ಅದನ್ನ ಮುಚ್ಚೋದು ಹೇಗೆ ಅಂತ ಮತ್ತೆ ಮತ್ತೆ ಹೇಳಿಕೊಟ್ಟಿದ್ದೀನಿ. 'ಬೇಡ' ಅಂತಿದ್ರು."

"ಕಿಟಕಿ ನಾನು," ಎಂದಳು ತಮ್ಮನ ಹೆಂಡತಿ.

ಬೆಳಗಿನಿಂದ ಒಣಗಿಯೇ ಇದ್ದ ಅವಳ ಕಣ್ಣು ಆಗ ತುಂಬಿ ಬಂತು. ಎತ್ತರದ ಹೆಂಗಸು ಹತ್ತಿರ ಸರಿದು ಕೂತಳು.

*

ಎಲ್ಲ ಮುಗಿದ ಮೇಲೆ ಹೊರಗೆ ಗಾಡಿ ನಿಲ್ಲಿಸುವ ಅಂಗಳದಲ್ಲಿ ಅವಳು ಗಂಡನ ತೋಳು ಹಿಡಿದು ನಿಲ್ಲಿಸಿ, ಕೇಳಿದ್ದನ್ನೆಲ್ಲ ಹೇಳಿದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವನು ಕೇಳಿದ.

"ಅಂದ್ರೆ ಅವತ್ತು ಅಕ್ಕ ನಮ್ಮನ್ನ ಅಂದಿದ್ದಲ್ಲ?"

"ಅಲ್ಲ ಅನ್ಸುತ್ತೆ."

"ನಾವು ಮಾತಾಡಿದ್ದು ಅಕ್ಕನಿಗೆ ಕೇಳಿಸೇ ಇರ್ಲಿಲ್ವಾ?"

"ಕೇಳಿಸಿತ್ತೋ ಏನೋ. ಹೇಗೆ ಹೇಳೋದು ಈಗ?"

"ಹಾಗಾದ್ರೆ ನಾವು ಅಕ್ಕನ್ನ ಮನೇಲಿ ಯಾಕೆ ಇಟ್ಕೊಂಡ್ವಿ?"

ಹೆಂಡತಿ ಹಿಡಿದಿದ್ದ ತೋಳು ಬಿಟ್ಟಳು.

ಅಷ್ಟರಲ್ಲಿ ಗಡ್ಡದವನ ಕಾರು ಎರಡು ಗಾಡಿಗಳ ನಡುವೆ ಸಿಕ್ಕಿಕೊಂಡು ಹಿಂದಕ್ಕೂ ಮುಂದಕ್ಕೂ ಒದ್ದಾಡುವುದು ಕಂಡಿತು. ತಮ್ಮ ಅತ್ತ ಹೋಗಿ ಕಾರಿನ ಹಿಂದೆ ನಿಂತು ಎರಡೂ ಕೈ ಎತ್ತಿದ. "ಬನ್ನಿ, ಬನ್ನಿ. ಜಾಗ ಇದೆ. ಇನ್ನೂ ಸ್ವಲ್ಪ ಬನ್ನಿ." ಕಾರು ನಿಧಾನವಾಗಿ ಹಿಂದೆ ಸರಿಯಿತು, ತಿರುಗಿತು. ಎತ್ತರದ ಹೆಂಗಸು ಕಿಟಕಿಯಿಂದ ಕೈ ಬೀಸಿದಳು. ಕಾರು ಗೇಟು ದಾಟಿ ರಸ್ತೆಯಲ್ಲಿ ಮರೆಯಾಯಿತು. ಖಾಲಿ ಅಂಗಳದಲ್ಲಿ ತಮ್ಮ ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದ. ಬೆರಳುಗಳು ಆಡುತ್ತಲೇ ಇದ್ದವು. "ಬನ್ನಿ, ಬನ್ನಿ. ಜಾಗ ಇದೆ," ಎನ್ನುತ್ತಿದ್ದ.