ಶನಿವಾರದ ಮಷೀನು

ಡ್ರಿಲ್ಲಿಂಗ್ ಮಷೀನಿನಲ್ಲಿ ಮಿಲ್ಲಿಂಗ್, ಅಂದರೆ ಲೋಹವನ್ನು ಪಕ್ಕಕ್ಕೆ ಕೊರೆಯುತ್ತ ಹೋಗುವ ಕೆಲಸ, ಮಾಡಬಾರದು ಎಂಬುದು ತಂದಿಲ್ ಊರಿನ ಚಾಕು ಮಾಡುವವರಿಗೆಲ್ಲ ಗೊತ್ತು. ಗೊತ್ತಿದ್ದೂ ಒಂದಲ್ಲ ಒಂದು ಸಲ ಎಲ್ಲರೂ ಮಾಡಿಯೇ ಮಾಡುತ್ತಾರೆ. ಬೆಲಿಸಾರಿಯೊ ಎಚಾರ್ಟ್ ಕೂಡ ಮಾಡಿದ. ಅಲಗಿಗೂ ಹಿಡಿಗೂ ನಡುವೆ, ಬೆರಳು ಮುಂದಕ್ಕೆ ಜಾರದಂತೆ ಕೂರಿಸುವ ಹಿತ್ತಾಳೆ ಪಟ್ಟಿ ಇರುತ್ತದಲ್ಲ, ಗಾರ್ಡು, ಅದಕ್ಕೆ ಸೀಳು ಕೊರೆಯಲು ಹೋದ. ಕಟ್ಟರನ್ನು ಕಚ್ಚಿ ಹಿಡಿಯುವ ಡ್ರಿಲ್ಲಿನ ಚಕ್ಕು ಮೇಲಿನಿಂದ ಒತ್ತಿದರೆ ತಡೆಯುತ್ತದೆ. ಪಕ್ಕದಿಂದ ತಳ್ಳಿದರೆ ತಡೆಯುವುದಿಲ್ಲ. ತಿರುಗುತ್ತಿದ್ದ ಹಾಗೆಯೇ ಕಳಚಿ ಬಿತ್ತು. ಗಾರ್ಡು ಹಾಳಾಯಿತು, ಕಟ್ಟರ್ ಮುರಿದು ಚೂರು ತಗಡಿನ ಗೋಡೆಗೆ ಬಡಿಯಿತು, ಹೆಬ್ಬೆರಳಿನ ಪಕ್ಕದ ಚರ್ಮ ಸುಲಿದುಹೋಯಿತು.

ದೊಡ್ಡ ಗಾಯವೇನಲ್ಲ. ಆದರೆ ಹಿತ್ತಲಿನ ಆ ಶೆಡ್ಡಿನಲ್ಲಿ ಕುಳಿತು ರಕ್ತ ಒರೆಸಿಕೊಳ್ಳುವಾಗ ಅವನಿಗೆ ಒಂದು ಮಾತು ಹೊಳೆಯಿತು. ಕೈಯೇ ತುಂಡಾಗಿದ್ದರೂ ಸೋಮವಾರದ ತನಕ ಯಾರಿಗೂ ತಿಳಿಯುತ್ತಿರಲಿಲ್ಲ. ಸೋಮವಾರ ಚರ್ಮದ ಒರೆ ಹೊಲಿಯುವವನು ಅಲಗುಗಳನ್ನು ಒಯ್ಯಲು ಬರುತ್ತಾನೆ, ಅವನೂ ಬಾಗಿಲಲ್ಲೇ ನಿಂತು ಹೋಗಿಬಿಡುತ್ತಾನೆ. ಹೆಂಡತಿ ಎಂದೋ ಬಿಟ್ಟುಹೋಗಿ, ಸಮುದ್ರದ ಕಡೆಯ ಊರಿನಲ್ಲಿ ಬೇರೊಬ್ಬನ ಜೊತೆ ಸುಖವಾಗಿದ್ದಳು. ಅವಳ ಮೇಲೆ ಬೆಲಿಸಾರಿಯೊನಿಗೆ ಸಿಟ್ಟೂ ಇರಲಿಲ್ಲ. ಸಿಟ್ಟಿದ್ದರಾದರೂ ಜೊತೆಗೆ ಏನೋ ಒಂದು ಇದ್ದ ಹಾಗೆ ಆಗುತ್ತಿತ್ತೇನೋ. ಐವತ್ತೊಂಬತ್ತರ ಗಂಡಸು, ಮಾಡಿದ ಅಡುಗೆಯನ್ನು ಪಾತ್ರೆಯಿಂದಲೇ ತಿನ್ನುವವನು, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಅದರಲ್ಲಿ ಮೂರು ಅರದ ಜೊತೆ.

ಹೀಗೆ ಅವನು ಮಿಲ್ಲಿಂಗ್ ಮಷೀನು ಹುಡುಕಲು ಹೊರಟ. ಮೇಜಿನ ಮೇಲೆ ಕೂರುವಂಥ ಚಿಕ್ಕದು ಸಾಕಿತ್ತು. ರಾಜಧಾನಿಯ ಅಂಗಡಿಯಲ್ಲಿ ಹೊಸದೊಂದು ಇತ್ತು. ಬಣ್ಣ ಹೊಳೆಯುತ್ತಿತ್ತು, ಆದರೆ ತೂಕವಿಲ್ಲ. ಮಷೀನಿಗೆ ತೂಕವಿಲ್ಲದಿದ್ದರೆ ಕಟ್ಟರ್ ಲೋಹ ಮುಟ್ಟಿದ ಕೂಡಲೇ ಚಳಿಜ್ವರ ಬಂದವರ ಹಾಗೆ ನಡುಗಿ, ಕೊರೆದ ಜಾಗವೆಲ್ಲ ಗೀರುಗೀರಾಗುತ್ತದೆ. ಪಕ್ಕದ ಅಸುಲ್ ಊರಿನಲ್ಲಿ ಹಳೆಯದೊಂದು ಸಿಕ್ಕಿತು. ತೂಕ ಬೇಕಾದಷ್ಟಿತ್ತು, ಕಂಬ ಮಾತ್ರ ಗುಂಡಗಿತ್ತು. ಗುಂಡು ಕಂಬದ್ದು ಬೇಡವೇ ಬೇಡ. ಕಂಬಕ್ಕೆ ಬಿಗಿದ, ಕಟ್ಟರ್ ಹಿಡಿದ ತಲೆಯನ್ನು ಒಂದಿಷ್ಟು ಮೇಲೆತ್ತಿದರೆ ಅದು ಪಕ್ಕಕ್ಕೆ ಹೊರಳಿಕೊಳ್ಳುತ್ತದೆ, ಮೊದಲು ಹಿಡಿದ ಗೆರೆ ಮತ್ತೆ ಸಿಗುವುದಿಲ್ಲ. ಅಲಗಿನ ಬುಡ ಸೀಳಿನಲ್ಲಿ ಕೂದಲೆಳೆಯೂ ತೂರದ ಹಾಗೆ ಕೂರಬೇಕು ಎನ್ನುವವನಿಗೆ ಅದರಿಂದ ಏನು ಪ್ರಯೋಜನ?

ಮೂರನೆಯದು ತನ್ನ ಊರಲ್ಲೇ, ರೈಲುಹಳಿಯ ಆಚೆ, ಊರವರು ಗೌರವದಿಂದ ದೊನ್ ಎಂದು ಕರೆಯುವ ಇಪೊಲಿತೊನ ಮನೆಯಲ್ಲಿತ್ತು. ಇಪೊಲಿತೊ ಪಂಪು ಮಾಡುವ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದವನು. ಈಗ ಎಂಬತ್ತರ ಹತ್ತಿರ. ನಿವೃತ್ತನಾದ ಮೇಲೆ ಅವನೂ ಮನೆಯಲ್ಲಿ ಚಾಕು ಮಾಡುತ್ತಿದ್ದ. ಬಲಗೈ ನಡುಗಲು ಶುರುವಾದಾಗ ಮಷೀನು ಮಾರಾಟಕ್ಕಿದೆ ಎಂದು ಸಾಮಾನಿನ ಅಂಗಡಿಯಲ್ಲಿ ಚೀಟಿ ಅಂಟಿಸಿದ.

ಬೆಲಿಸಾರಿಯೊ ಒಂದು ಶನಿವಾರ ಮಧ್ಯಾಹ್ನ ಹೋಗಿ ನೋಡಿದ. ಚೌಕ ಕಂಬ, ಇಬ್ಬರು ಹೆಣಗಾಡಿ ಎತ್ತಬೇಕಾದ ತೂಕ, ತಿರುಪು ಹಿಡಿದು ತಿರುಗಿಸಿದರೆ ಲೋಹ ಕೂರಿಸುವ ಅದರ ಮೇಜು ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತಿತ್ತು. ನೋಡಿದ ಕೂಡಲೇ ತಿಳಿಯಿತು, ಇದೇ. ಬೆಲೆಯೂ ಅಲ್ಲೇ ಮಾತಾಯಿತು. "ತಗೊಳ್ತೀನಿ" ಎಂದು ಹೇಳಿ ಎದ್ದುಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಆದರೆ ಅಷ್ಟರಲ್ಲಿ ಇಪೊಲಿತೊ ಕುರ್ಚಿ ಎಳೆದು, ಒಣ ಸೋರೆ ಬುರುಡೆಗೆ, ಚಹಾದ ಹಾಗೆ ಹೀರುವ ಯೆರ್ಬಾ ಸೊಪ್ಪಿನ ಪುಡಿ ತುಂಬಿ, ಬಿಸಿನೀರು ಹುಯ್ಯತೊಡಗಿದ್ದ. ಒಂದೇ ಬುರುಡೆ, ಒಂದೇ ನಳಿಗೆ. ಅವನು ಹುಯ್ದು ಕೊಡುವುದು, ಇವನು ಹೀರಿ ವಾಪಸು ಕೊಡುವುದು. ಹೆಂಡತಿ ಅಸುಸೆನಾ ಕರಿದ ಹಿಟ್ಟಿನ ಬಿಲ್ಲೆಗಳನ್ನು ತಟ್ಟೆಯಲ್ಲಿ ತಂದಿಟ್ಟು, "ತಿನ್ನಪ್ಪಾ, ತಣ್ಣಗಾದ್ರೆ ಚರ್ಮದ ಥರ ಆಗ್ತಾವೆ" ಎಂದಳು. ಎಷ್ಟು ಕಾಲದ ಮೇಲೆ ಒಬ್ಬರು ಅವನಿಗೆ ತಿನ್ನು ಎಂದದ್ದು! ಬೆಲಿಸಾರಿಯೊ ಮೂರು ಬಿಲ್ಲೆ ತಿಂದ. ಎದ್ದು ಹೊರಡುವಾಗ ಅವನ ಬಾಯಿಂದ ತಾನಾಗಿ ಹೊರಟ ಮಾತು, "ಸ್ವಲ್ಪ ಯೋಚನೆ ಮಾಡಿ ಹೇಳ್ತೀನಿ, ದೊನ್ ಇಪೊಲಿತೊ."

"ಮಾಡು, ಮಾಡು. ಮುಂದಿನ ಶನಿವಾರ ಬಾ. ಅದೇನು ಕಾಲು ಬಂದು ಓಡಿಹೋಗುತ್ತಾ?"

ಹೀಗೆ ಶುರುವಾಯಿತು ನೋಡಿ. ಮುಂದಿನ ಶನಿವಾರ, ಕಬ್ಬಿಣ ಕೊರೆದರೆ ಹೇಗೆ ಎಂದು ಕೇಳಿಕೊಂಡು ಹೋದ. ಅದರ ಮುಂದಿನ ಶನಿವಾರ, ಜಿಂಕೆಕೊಂಬಿನ ಹಿಡಿಯನ್ನು ವೈಸಿನಲ್ಲಿ ಹಿಡಿಸುವುದು ಹೇಗೆ ಎಂದು. ಆಮೇಲೆ ಬೆಲ್ಟು, ಆಮೇಲೆ ಮೋಟರು, ಆಮೇಲೆ ಮೋಟರಿನ ಸದ್ದು. ವಾರವಿಡೀ ಶೆಡ್ಡಿನಲ್ಲಿ ಅರ ಉಜ್ಜುತ್ತ ಅವನು ಯೋಚಿಸುತ್ತಿದ್ದದ್ದು ಒಂದೇ: ಈ ಸಲ ಏನು ಕೇಳಲಿ? ಮಷೀನು ಮನೆಗೆ ಬಂದುಬಿಟ್ಟರೆ ಆ ಮನೆಗೆ ಹೋಗಲು ಅವನಿಗೆ ನೆಪವೇ ಉಳಿಯುವುದಿಲ್ಲ. ಸುಮ್ಮನೆ ಹೋಗಿ ಬಾಗಿಲು ತಟ್ಟಿ "ಮಾತಾಡೋಣ ಅಂತ ಬಂದೆ" ಎನ್ನುವ ಗಂಡಸಲ್ಲ ಅವನು. ಹಾಗೆ ಹೇಳಲು ಬರುತ್ತಿದ್ದರೆ ಹೆಂಡತಿಯಾದರೂ ಉಳಿಯುತ್ತಿದ್ದಳು.

ಇಪೊಲಿತೊ ಕೆಣಕುತ್ತಿದ್ದ. "ಏನಯ್ಯಾ, ವರ್ಷಗಟ್ಟಲೆ ಹುಡುಗಿ ಮನೆಗೆ ಬಂದು ಊಟ ಮಾಡ್ಕೊಂಡು ಹೋಗೋ ಗಂಡಿನ ಹಾಗೆ ಆಯ್ತು ನಿಂದು. ಮದುವೆ ತಾರೀಖು ಮಾತ್ರ ಎತ್ತಲ್ಲ."

"ಹುಡುಗಿಗೆ ವಯಸ್ಸಾಗಿದೆಯಲ್ಲ, ವಿಚಾರಿಸ್ಬೇಕು."

"ನಿನ್ನ ಮುಖ ಕನ್ನಡೀಲಿ ನೋಡ್ಕೊಂಡಿದೀಯಾ? ನಿನಗಿಂತ ಅವಳೇ ವಾಸಿ, ತುಕ್ಕು ಹಿಡಿದಿಲ್ಲ."

ಅಸುಸೆನಾ ಒಳಗಿನಿಂದ ನಗುತ್ತಿದ್ದಳು. ಚಳಿಗಾಲವೆಲ್ಲ ಹೀಗೇ ಕಳೆಯಿತು. ಬೆಲಿಸಾರಿಯೊ ಗಡ್ಡ ಬೋಳಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಹೋಗುತ್ತಿದ್ದ. ಹೇಳಿಬಿಡುತ್ತೇನೆ, ಅವನು ಆ ದಿನಗಳಲ್ಲಿ ಸಂತೋಷವಾಗಿದ್ದ.

ಅದು ಕೆಟ್ಟದ್ದು ಒಳ್ಳೆಯ ಮನಸ್ಸಿನಿಂದಲೇ. ವಸಂತ ಶುರುವಾಗಿತ್ತು. ಆ ಶನಿವಾರ ಇಪೊಲಿತೊನ ಕೈ ಎಂದಿಗಿಂತ ಹೆಚ್ಚು ಅದುರುತ್ತಿತ್ತು. ಬುರುಡೆಗೆ ಬೀಳಬೇಕಾದ ನೀರು ತಟ್ಟೆಗೆ ಬಿತ್ತು, ಮೇಜಿಗೆ ಬಿತ್ತು, ಅವನ ತೊಡೆಯ ಮೇಲೂ ಬಿತ್ತು. ಅವನು ತುಟಿ ಕಚ್ಚಿಕೊಂಡು ಏನೂ ಆಗದವನ ಹಾಗೆ ಮತ್ತೆ ಹುಯ್ಯಲು ಕೈ ಎತ್ತಿದ. ಬೆಲಿಸಾರಿಯೊನಿಗೆ ನೋಡಲಾಗಲಿಲ್ಲ. "ಕೊಡಿ ಇಲ್ಲಿ" ಎಂದು ಅವನ ಕೈಯಿಂದ ಥರ್ಮಾಸು ತೆಗೆದುಕೊಂಡು, ತಾನೇ ಹುಯ್ದು, ಬುರುಡೆಯನ್ನು ಅವನ ಕಡೆಗೆ ಚಾಚಿದ.

ಅಯ್ಯೋ ಪೆದ್ದ. ಮನೆಯ ಯಜಮಾನ ಹುಯ್ಯಬೇಕು, ಬಂದವನು ಕುಡಿಯಬೇಕು. ನೀರು ತಣ್ಣಗಿರಲಿ, ಸೊಪ್ಪು ಚಪ್ಪೆಯಾಗಿರಲಿ, ಬಾಯಿ ಮುಚ್ಚಿಕೊಂಡು ಕುಡಿಯಬೇಕು. ಯಜಮಾನನೇ ಥರ್ಮಾಸು ನಿಮ್ಮ ಕೈಗಿತ್ತರೆ ಆ ಮಾತು ಬೇರೆ. ಕೇಳದೆ ಕಸಿದುಕೊಂಡರೆ, ನಿನ್ನ ಮನೆಯಲ್ಲಿ ಇನ್ನು ನೀನು ಯಜಮಾನನಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಇದು ಅಲ್ಲಿ ತೊದಲು ಮಾತಾಡುವ ಮಗುವಿಗೂ ಗೊತ್ತು. ಬೆಲಿಸಾರಿಯೊ ಒಬ್ಬನೇ ಹುಯ್ದುಕೊಂಡು ಒಬ್ಬನೇ ಕುಡಿದು ಎಷ್ಟು ವರ್ಷವಾಗಿತ್ತೆಂದರೆ, ಅದನ್ನೂ ಮರೆತಿದ್ದ.

ಬಾಗಿಲಲ್ಲಿ ಅಸುಸೆನಾ ತಟ್ಟೆ ಹಿಡಿದು ನಿಂತುಬಿಟ್ಟಳು. ಇಪೊಲಿತೊ ಬುರುಡೆ ತೆಗೆದುಕೊಂಡು ಕೊನೆಯ ಹನಿಯವರೆಗೂ ಹೀರಿದ. ಮೇಜಿನ ಮೇಲೆ ಇಟ್ಟ. ಆಮೇಲೆ ಹೇಳಿದ, "ನಾಳೆ ಯಾರದಾದ್ರೂ ಗಾಡಿ ತಗೊಂಡು ಬಾ. ಮಷೀನು ಒಯ್ದುಬಿಡು."

"ದೊನ್ ಇಪೊಲಿತೊ, ನಾನಿನ್ನೂ ಯೋಚನೆ..."

"ನಿನ್ನ ಯೋಚನೆ ಮೊದಲನೇ ದಿನವೇ ಮುಗಿದಿತ್ತು. ನನಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ? ನಡುಗೋದು ಕೈ, ಕಣ್ಣಲ್ಲ."

"ತಪ್ಪು ತಿಳ್ಕೋಬೇಡಿ. ನೀರು ಬಿಸಿ ಇತ್ತು, ಅದಕ್ಕೆ..."

"ಇದು ಮನೆ ಕಣಯ್ಯಾ. ಆಸ್ಪತ್ರೆ ಅಲ್ಲ."

ಮಾರನೆಯ ದಿನ ಅವನು ಪಕ್ಕದ ಮನೆಯವನ ಗಾಡಿಯಲ್ಲಿ, ಎತ್ತಲು ಒಬ್ಬ ಕೂಲಿಯವನನ್ನು ಕೂರಿಸಿಕೊಂಡು ಬಂದ. ಗೇಟು ತೆಗೆದದ್ದು ಅಸುಸೆನಾ. "ಮಲಗಿದಾರೆ" ಎಂದಳು. ಒಳಗೆ ರೇಡಿಯೊ ಫುಟ್‌ಬಾಲ್ ಆಟ ಒದರುತ್ತಿತ್ತು. ಮಲಗಿದ್ದವನೇ ಅದರ ಸದ್ದನ್ನು ಇನ್ನಷ್ಟು ಏರಿಸಿದ. ಬೆಲಿಸಾರಿಯೊ ದುಡ್ಡಿನ ಲಕೋಟೆಯನ್ನು ಅವಳ ಕೈಗೆ ಕೊಟ್ಟ. ಅವಳು "ಸೊಂಟ ನೋಡ್ಕೊಂಡು ಎತ್ತಪ್ಪಾ" ಎಂದಷ್ಟೇ ಹೇಳಿದಳು.

ಮಷೀನು ಶೆಡ್ಡಿಗೆ ಬಂತು. ಎಂಥ ಮಷೀನು ಅಂತೀರಿ! ಮೊದಲ ಗಾರ್ಡಿಗೆ ಸೀಳು ಹೊಡೆದು, ಅಲಗಿನ ಬುಡ ತೂರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಎಲ್ಲೂ ಒಂದು ಎಳೆ ಬೆಳಕು ತೂರುತ್ತಿರಲಿಲ್ಲ. ಮೂವತ್ತು ವರ್ಷ ಅರ ಹಿಡಿದು ಅಷ್ಟು ಬಿಗಿಯಾಗಿ ಅವನು ಕೂರಿಸಿರಲಿಲ್ಲ. ತೋರಿಸೋಣವೆಂದು ತಿರುಗಿದ. ಶೆಡ್ಡಿನಲ್ಲಿ ಯಾರಿದ್ದಾರೆ ತೋರಿಸಲು?

ಗಾರ್ಡನ್ನು ಕೆಳಗಿಟ್ಟು ಅಲ್ಲೇ ಕುಳಿತ. ಅವತ್ತು ಮತ್ತೆ ಕೆಲಸ ಮುಟ್ಟಲಿಲ್ಲ.

ಮುಂದಿನ ಶನಿವಾರ ಗಡ್ಡ ಬೋಳಿಸಿಕೊಂಡ, ಅಂಗಿ ಬದಲಾಯಿಸಿದ, ಆಮೇಲೆ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿದ. ಅದರ ಮುಂದಿನ ಶನಿವಾರ ರೈಲುಹಳಿ ದಾಟಿ ಅವರ ಬೀದಿಯ ಮೂಲೆಯವರೆಗೂ ಹೋಗಿ, ಬ್ರೆಡ್ಡಿನಂಗಡಿಯಲ್ಲಿ ಬೇಡದ ಬ್ರೆಡ್ಡು ಕೊಂಡು ವಾಪಸು ಬಂದ. ಮೊದಲು ಶನಿವಾರವೂ ಬೇರೆ ದಿನಗಳ ಹಾಗೇ ಇತ್ತು, ಹೇಗೋ ದಾಟಿಹೋಗುತ್ತಿತ್ತು. ಈಗ ಬೆಳಿಗ್ಗೆಯಿಂದಲೇ ಎದೆಯ ಮೇಲೆ ಕೂರುತ್ತಿತ್ತು. ಒಂಟಿತನಕ್ಕೆ ಒಗ್ಗಿಕೊಂಡವನಿಗೆ ಜೊತೆಯ ರುಚಿ ಹತ್ತಿಸಿ ಕಿತ್ತುಕೊಳ್ಳಬಾರದು, ಅಷ್ಟೇ ನಾನು ಹೇಳುವುದು.

ಆಮೇಲೆ ಅವನು ಮಾಡಿದ ಕೆಲಸ ಕೇಳಿದರೆ ನೀವು ನಗುತ್ತೀರಿ. ಮಷೀನಿನ ತಲೆಯನ್ನು ಕಂಬಕ್ಕೆ ಬಿಗಿದಿಡುವ ದಪ್ಪ ನಟ್ಟು ಹಿಂಬದಿಯಲ್ಲಿರುತ್ತದೆ. ಅದನ್ನು ಸಡಿಲಿಸಿ, ರಬ್ಬರ್ ಸುತ್ತಿಗೆಯಿಂದ ತಲೆಗೆ ಒಂದು ಏಟು ಕೊಟ್ಟು, ಓರೆ ಮಾಡಿ, ಮತ್ತೆ ಬಿಗಿದ. ಇಪೊಲಿತೊ ಎದೆಗವಚಿಕೊಂಡು ಕಾಪಾಡಿದ್ದ ಮಷೀನು! ಏಟು ಕೊಟ್ಟ ಮೇಲೆ ಅವನಿಗೇ ನಾಚಿಕೆಯಾಯಿತು. ಆದರೂ ಫೋನು ಎತ್ತಿದ.

"ದೊನ್ ಇಪೊಲಿತೊ, ನಾನು, ಬೆಲಿಸಾರಿಯೊ. ಮಷೀನು ಓರೆಯಾಗಿ ಕೊರೀತಿದೆ."

"ನನ್ನ ಮನೇಲಿ ಇದ್ದಾಗ ಓರೆ ಇರ್ಲಿಲ್ಲ."

"ಸಾಗಿಸುವಾಗ ಏಟು ಬಿತ್ತೋ ಏನೋ. ನೀವು ಒಂದ್ಸಲ ಬಂದು ನೋಡಿದ್ರೆ... ನಾನೇ ಬಂದು ಕರ್ಕೊಂಡು ಬರ್ತೀನಿ."

"ನಾನು ಬಂದು ಏನು ಕಡೀಲಿ? ಓರೆ ಅಳೆಯೋ ಡಯಲ್ ಮುಟ್ಟಿದ್ರೆ ಸೂಜಿ ನನ್ನ ಕೈಗೆ ಕುಣಿಯುತ್ತೆ, ಮಷೀನಿಗಲ್ಲ." ಮುದುಕ ಇನ್ನು ಫೋನು ಇಟ್ಟೇಬಿಡುತ್ತಾನೆ ಎಂದು ಬೆಲಿಸಾರಿಯೊ ಅಂದುಕೊಳ್ಳುವಷ್ಟರಲ್ಲಿ ಅವನೇ ಹೇಳಿದ, "ಬಾಯಿ ಇನ್ನೂ ನೆಟ್ಟಗಿದೆ. ಡಯಲ್ ಗೇಜ್ ಇದೆಯಾ ನಿನ್ನ ಹತ್ರ?"

"ಇದೆ."

"ಫೋನು ಬೆಂಚಿನ ಮೇಲಿಡು, ಜೋರು ಮಾಡಿ. ಮೊದಲು ಪ್ಲಗ್ ಕೀಳು. ಕಿತ್ತೆಯಾ? ಕಟ್ಟರ್ ಇರೋ ಜಾಗದಲ್ಲಿ ಗೇಜನ್ನ ಸಿಕ್ಕಿಸು. ಅದರ ಮೊನೆ ಮೇಜನ್ನ ಮುಟ್ಟೋ ಹಾಗೆ ಇಳಿಸು. ಅವಸರ ಮಾಡ್ಬೇಡ. ಈಗ ಕೈಯಲ್ಲೇ ತಿರುಗಿಸು. ಎಡಗಡೆ ಎಷ್ಟು ತೋರಿಸ್ತು, ಬಲಗಡೆ ಎಷ್ಟು ತೋರಿಸ್ತು, ಹೇಳು."

ಬೆಲಿಸಾರಿಯೊ ಹೇಳಿದ. ಆ ಕಡೆಯಿಂದ "ಥೂ, ಕತ್ತೆ ಒದ್ದ ಹಾಗಿದೆಯಲ್ಲೋ" ಎಂಬ ಉದ್ಗಾರ ಬಂತು. ಆಮೇಲೆ ಮುದುಕ ಒಂದೊಂದಾಗಿ ಹೇಳಿಕೊಟ್ಟ. ನಟ್ಟು ಪೂರ್ತಿ ಬಿಡಬೇಡ, ಉಸಿರಾಡುವಷ್ಟು ಬಿಡು. ಸುತ್ತಿಗೆ ಹಿಡಿದು ಹೊಡೆಯಬೇಡ, ಬರೀ ಮುಟ್ಟಿಸು. ಒಮ್ಮೆ ಮುಟ್ಟಿಸಿದರೆ ಒಮ್ಮೆ ನೋಡು. ಅವನ ದನಿಯಲ್ಲಿ ಮುನಿಸು ಇರಲಿಲ್ಲ. ಕೆಲಸ ಹೇಳುವವನ ದನಿ, ಶನಿವಾರಗಳಲ್ಲಿ ಕೇಳುತ್ತಿದ್ದ ಅದೇ ದನಿ ಶೆಡ್ಡಿನ ತುಂಬ ತುಂಬಿಕೊಂಡಿತು. ಬೆಲಿಸಾರಿಯೊ ಬೇಕೆಂದೇ ನಿಧಾನ ಮಾಡಿದ. ಎಷ್ಟು ನಿಧಾನ ಮಾಡಿದರೂ, ಹೇಳುವವನು ಅಷ್ಟು ಚೆನ್ನಾಗಿ ಹೇಳಿದರೆ ಕೆಲಸ ಮುಗಿಯದೆ ಇರುತ್ತದೆಯೇ? ಓರೆ ಅರ್ಧವಾಯಿತು, ಕಾಲುಭಾಗವಾಯಿತು. ನಟ್ಟು ಬಿಗಿದು ಕೊನೆಯ ಸಲ ತಿರುಗಿಸಿದ. ಎಡಕ್ಕೆ ಬಂದರೂ ಬಲಕ್ಕೆ ಬಂದರೂ ಸೂಜಿ ಕಲ್ಲಿನಂತೆ ನಿಂತಿತ್ತು.

"ಏನಾಯ್ತು? ನಿಂತಿತಾ ಸೂಜಿ?"

ಬೆಲಿಸಾರಿಯೊ ಸೂಜಿಯನ್ನೇ ನೋಡಿದ. ನಿಂತಿತು ಎಂದರೆ ಮುಗಿಯಿತು. ಇನ್ನು ಕೇಳಲು ಏನೂ ಉಳಿದಿರಲಿಲ್ಲ.

"ಅಲ್ಲಾಡ್ತಿದೆ" ಎಂದ.

"ಎಷ್ಟು?"

"ಒಂದು ಗೆರೆ. ಒಂದೂವರೆ ಇರ್ಬೇಕು."

"ನಾನು ಹೇಳಿದ ಹಾಗೆ ಮಾಡಿದ್ರೆ ಅಲ್ಲಾಡೋಕೆ ಸಾಧ್ಯವೇ ಇಲ್ಲ."

"ಅಲ್ಲಾಡ್ತಿದೆ, ದೊನ್ ಇಪೊಲಿತೊ."

ಆ ಕಡೆ ಒಳಗಿನಿಂದ ಅಸುಸೆನಾ ಯಾರದು ಎಂದು ಕೇಳಿದ್ದು ಕೇಳಿಸಿತು. ಆಮೇಲೆ ನೆಲದ ಮೇಲೆ ಕುರ್ಚಿ ಎಳೆದುಕೊಂಡ ಸದ್ದು, ಅದರಲ್ಲಿ ಮುದುಕ ನಿಧಾನವಾಗಿ ಕುಳಿತ ಸದ್ದು.

"ಸರಿ. ಹಾಗಾದ್ರೆ ಪೂರ್ತಿ ಸಡಿಲಿಸು. ಮೊದಲಿಂದ ಹೇಳ್ತೀನಿ" ಎಂದ ಇಪೊಲಿತೊ.

ಬೆಲಿಸಾರಿಯೊ ಸ್ಪಾನರ್ ತೆಗೆದುಕೊಂಡು ನಟ್ಟನ್ನು ಸಡಿಲಿಸಿದ.