ಮೇಜಿನ ಮೇಲೆ ಬಂದ ಕೆರೆ

ಕಡೂರಿನಲ್ಲಿ ನನ್ನದು ಕನ್ನಡಕದ ಅಂಗಡಿ. ಕಣ್ಣು ಮಂಜಾದವರಿಗೆ ಗಾಜು ಹಾಕಿಕೊಡಬಹುದು. ಹಟಕ್ಕೆ ಕಣ್ಣು ಮುಚ್ಚಿಕೊಂಡವರಿಗೆ ಯಾವ ನಂಬರೂ ಆಗುವುದಿಲ್ಲ. ಗಾರೆ ಕೆಲಸದ ಬೀರಯ್ಯ ಎರಡನೆಯ ಜಾತಿಯವನು. ಅವನ ಜೊತೆ ನಾಲ್ಕು ತಿಂಗಳು ಏಗಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಸಖರಾಯಪಟ್ಟಣದಿಂದಾಚೆ, ಕೆರೆಯನ್ನು ಒತ್ತಿಕೊಂಡು ನಿಂತ ಗುಡ್ಡದ ಮೇಲೆ ಒಂದು ಗುಂಡು ಕೋಣೆಯಿದೆ. ನೂರಮೂವತ್ತು ವರ್ಷದ ಹಿಂದೆ ಕೆರೆಯ ಕೆಲಸಕ್ಕೆ ಬಂದಿದ್ದ ಒಬ್ಬ ಇಂಗ್ಲಿಷ್ ಎಂಜಿನಿಯರು ಕಟ್ಟಿಸಿದ್ದು. ಅವನ ಹೆಂಡತಿ ಕಡಲ ದಂಡೆಯ ಊರಿನವಳು. ಅಲ್ಲಿ ಕಿನಾರೆಯಲ್ಲೇ ಇಂಥ ಕತ್ತಲೆ ಕೋಣೆಗಳಿದ್ದವಂತೆ. ಸೂರಿನ ಮೇಲೊಂದು ಕನ್ನಡಿ, ಅದರ ಕೆಳಗೊಂದು ಮಸೂರ. ಬಾಗಿಲು ಮುಚ್ಚಿದರೆ ಹೊರಗಿನ ಅಲೆ, ದೋಣಿ, ಜನ ಎಲ್ಲ ಒಳಗಿನ ಬಿಳಿ ಮೇಜಿನ ಮೇಲೆ ಬಣ್ಣಬಣ್ಣವಾಗಿ ಆಡುತ್ತವೆ. ಆಯಮ್ಮ ಇಲ್ಲಿ ಸಮುದ್ರವಿಲ್ಲವೆಂದು ಕೊರಗಿದಳು. ಅವನು ಕೆರೆಯನ್ನೇ ಮೇಜಿನ ಮೇಲೆ ತಂದುಕೊಟ್ಟ. ಗಾಳಿಯಿದ್ದ ದಿನ ಸಮುದ್ರ ಅಂದುಕೊಂಡಳೇನೋ, ಪಾಪ.

ಅವರು ಹೋದ ಮೇಲೆ ಬಾವಲಿ ಸೇರಿದವು. ಕಳೆದ ವರ್ಷ ಊರಿನವರು ಕೋಣೆಯನ್ನು ಸರಿಮಾಡಿಸಲು ಹೊರಟಾಗ ಗಾಜಿನ ಕೆಲಸ ನನಗೆ ಬಂತು, ಗಾರೆ ಕೆಲಸ ಬೀರಯ್ಯನಿಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಕ್ಕವರೂ ಇದ್ದರು. ಬೀರಯ್ಯ ನಗಲಿಲ್ಲ. ಬೋಗುಣಿಯ ಹಾಗೆ ತುಸು ತಗ್ಗಾಗಿರಬೇಕಾದ ಆ ಮೇಜಿಗೆ ಸುಣ್ಣದ ಗಾರೆ ಬಳಿದು, ಹೊಳೆಗಲ್ಲಿನಿಂದ ಹನ್ನೊಂದು ದಿನ ಉಜ್ಜಿದ. ಸಾಕು ಬಿಡಯ್ಯ ಅಂದರೂ ಕೇಳಲಿಲ್ಲ.

ಯಾಕೆಂದು ಹೇಳಿದವಳು ಬುತ್ತಿ ತರುತ್ತಿದ್ದ ಅವನ ಹೆಂಡತಿ ಈರಕ್ಕ. ಅವರ ಒಬ್ಬಳೇ ಮಗಳು ಅನುಪಮಾ ಒಂಬತ್ತು ವರ್ಷದ ಹಿಂದೆ, ಅಪ್ಪ ಗೊತ್ತುಮಾಡಿದ ಗಂಡನ್ನು ಬಿಟ್ಟು, ಕೆರೆಯಾಚೆಯ ಹಾಲೇಶನನ್ನು ಮದುವೆಯಾದಳು. ಬೀರಯ್ಯ ನೇರ ಅಂತರಘಟ್ಟೆಯ ಗುಡಿಗೆ ಹೋಗಿ ಅಮ್ಮನ ಮುಂದೆ ಆಣೆ ಇಟ್ಟ: ಇನ್ನು ಅವಳ ಮುಖ ನೋಡಲ್ಲ, ಅವಳ ಜೊತೆ ಮಾತಾಡಲ್ಲ. ಅಂದಿನಿಂದ ಸಂತೆಯಲ್ಲಿ ಮಗಳು ಎದುರಾದರೆ ತಲೆಯ ಮೇಲೆ ಟವಲು ಎಳೆದುಕೊಳ್ಳುತ್ತಾನೆ. ಅವಳು ಬಟ್ಟೆ ಒಗೆಯಲು ಬರುವುದು ಈ ಗುಡ್ಡದ ಬುಡದ ಸೋಪಾನಕ್ಕೇ.

"ಟವಲು ಹಾಕ್ಕಂಡು ಎರಡು ಸಲ ಚರಂಡಿಗೆ ಬಿದ್ದವ್ನೆ ಕಣ್ರೀ" ಅಂದಳು ಈರಕ್ಕ. "ನಾನು ವಾರಕ್ಕೊಂದ್ಸಲ ಮಗಳ ಮನೆಗೆ ಹೋಗ್ಬತ್ತೀನಿ. ಗೊತ್ತಿದ್ರೂ ಗೊತ್ತಿಲ್ಲದಂಗಿರ್ತಾನೆ. ನಾನು ಹೋಗ್ಬಂದ ರಾತ್ರಿ ಮಾತ್ರ ಅವ್ನಿಗೆ ಊಟ ಸೇರಲ್ಲ."

ಕನ್ನಡಿ ಕೂರಿಸುವ ಹಿಂದಿನ ದಿನ ಬೀರಯ್ಯ ಕೆಮ್ಮಿದ. "ಸಾಮಿ, ಒಂದ್ ಮಾತು. ಮೇಜಿನ ಮ್ಯಾಲೆ ಕಾಣೋದು ಮುಖಾನಾ?"

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಲೆಕ್ಕಾಚಾರ ಇದು ಎಂದು ನನಗೆ ರೇಗಿತು. ಆದರೆ ಅವನ ಬೆರಳ ತುದಿ ಸುಣ್ಣಕ್ಕೆ ಬೆಂದು ಸುಲಿದಿತ್ತು. "ಬರೀ ಬೆಳಕು ಕಣಯ್ಯ. ಆಣೆಗೆ ಏನೂ ಆಗಲ್ಲ" ಅಂದೆ.

ಮರುದಿನ ಬೆಳಿಗ್ಗೆ ಬಾಗಿಲು ಮುಚ್ಚಿದೆವು. ಕೆರೆ ಬಂತು. ಏರಿ, ಬಗನಿ ಮರ, ನೀರಿನ ಮೇಲಿನ ಬಿಸಿಲು ಎಲ್ಲ ಬಂದವು, ಸದ್ದೊಂದನ್ನು ಬಿಟ್ಟು. ನಾನು ಹಗ್ಗ ಎಳೆದು ಕನ್ನಡಿ ತಿರುಗಿಸಿದೆ. ಗುಡ್ಡದ ಬುಡದ ಸೋಪಾನದಲ್ಲಿ ಹಸಿರು ಸೀರೆಯವಳೊಬ್ಬಳು ಬಟ್ಟೆ ಒಗೆಯುತ್ತಿದ್ದಳು.

"ನಿಲ್ಸಿ" ಅಂದ ಬೀರಯ್ಯ.

ಹೆಬ್ಬೆರಳಿನಷ್ಟು ಮಗಳು. ಅವನು ಮೇಜಿನ ಅಂಚು ಹಿಡಿದು ಬಗ್ಗಿದ. "ಸೊರಗವ್ಳೆ" ಅಂದ. ಇನ್ನೂ ಬಗ್ಗಿ, "ಅವರಮ್ಮನ ಥರಾನೇ ಹಿಂಡ್ತಾಳೆ ಬಟ್ಟೆಯ" ಅಂದ. ಒಂಬತ್ತು ವರ್ಷದ ಹಸಿವು ಹಾಗೆ ತಿನ್ನುವುದನ್ನು ನೋಡಲಾಗದೆ ನಾನು ಗೋಡೆ ನೋಡಿದೆ.

ಅವಳು ಬಕೆಟ್ ಎತ್ತಿಕೊಂಡು ಪಾಚಿಗಟ್ಟಿದ ಮೆಟ್ಟಿಲಿಗೆ ಕಾಲಿಟ್ಟಳು.

"ಜಾರ್ತದೆ ಕಣವ್ವಾ!"

ಕೋಣೆ ಅದುರುವಂತೆ ಕೂಗಿದ. ಅವಳಿಗೆ ಕೇಳುವುದೆಲ್ಲಿ? ಜಾರಿದಳು. ಬಕೆಟ್ ಉರುಳಿತು, ಬಟ್ಟೆಯೆಲ್ಲ ಚೆಲ್ಲಿತು. ಪಾದ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು. ಯಾರಾದರೂ ಕಂಡರೇ ಎಂದು ಸುತ್ತ ನೋಡಿದಳು. ಯಾರೂ ಇರಲಿಲ್ಲ.

ಬೀರಯ್ಯ ನನ್ನ ಕಡೆ ತಿರುಗಿದ. ಮುಖ ಒದ್ದೆಯಾಗಿತ್ತು. "ಮಾತಾಡ್ಬಿಟ್ಟೆ, ಸಾಮಿ."

"ಅವಳಿಗೆ ಕೇಳಿಸಲಿಲ್ಲವಲ್ಲ. ಆಣೆ ಮುರಿದಂಗಲ್ಲ" ಅಂದೆ, ಸಮಾಧಾನಕ್ಕೆ.

"ಅದೇ ಕಣ್ರೀ, ಕೇಳಿಸಲಿಲ್ವಲ್ಲ!" ಅಂದವನೇ ಬಾಗಿಲು ತೆರೆದು ಓಡಿದ. ಬೆಳಕು ನುಗ್ಗಿ ಕೆರೆ, ಮಗಳು ಎಲ್ಲ ಅಳಿಸಿಹೋಯಿತು. ಮೇಜು ಬರೀ ಮೇಜಾಯಿತು.

ಬೈದುಕೊಳ್ಳುತ್ತ ಬಾಗಿಲು ಎಳೆದು ಮುಚ್ಚಿದೆ. ಅವಳ ಹಿಂದೆಯೇ ಕನ್ನಡಿ ತಿರುಗಿಸುತ್ತ ಬಹಳ ಹೊತ್ತು ಕಾದೆ. ಅಷ್ಟರಲ್ಲಿ ಅವಳು ಬಟ್ಟೆ ಆರಿಸಿಕೊಂಡು, ಕುಂಟುತ್ತ, ಬೆನ್ನು ಹಾಕಿ ಏರಿಯ ಮೇಲೆ ಮನೆಯ ಕಡೆ ಹೊರಟಿದ್ದಳು. ಅವಳ ಹಿಂದೆ ಸುಮಾರು ದೂರದಲ್ಲಿ, ಟವಲಿಲ್ಲದ ಬೋಳು ತಲೆಯ ಮುದುಕನೊಬ್ಬ ಓಡಿಬಂದು ನಿಂತ. ಏದುಸಿರಿಗೆ ಬಗ್ಗಿದ. ಆಮೇಲೆ ನೆಟ್ಟಗಾಗಿ ಕೈಯೆತ್ತಿ ಕೂಗಿದ.

ಏನೆಂದು ಕೂಗಿದನೋ, ನನಗೆ ಕೇಳಿಸಲಿಲ್ಲ. ಅವಳು ನಿಂತಳು. ತಿರುಗಲಿಲ್ಲ, ಬಕೆಟ್ ಕೆಳಗಿಟ್ಟಳು.