ಮೂರನೆಯ ಹೆಸರು

ಪುರಸಭೆಯಲ್ಲಿ ಖಾಲಿ ಇದ್ದದ್ದು ಎರಡು ಗುಮಾಸ್ತ ಹುದ್ದೆ. ಪರೀಕ್ಷೆ ಬರೆದವರು 1,312 ಮಂದಿ. ಅರ್ಹತಾ ಪಟ್ಟಿಯಲ್ಲಿ ದೊನಾತೆಲ್ಲಾ ತೆಲೆಸ್ಕಾ ಹೆಸರು ಮೂರನೆಯದು. ಎರಡನೆಯ ಸ್ಥಾನದ ಜೆರಾರ್ದೊ ಕೊಲಂಜೆಲೊಗೂ ಅವಳಿಗೂ ನಡುವೆ ಅರ್ಧ ಅಂಕದ ಅಂತರ.

ಪಟ್ಟಿಯ ಆಯುಸ್ಸು ಮೂರು ವರ್ಷ. ಅಷ್ಟರೊಳಗೆ ಆಯ್ಕೆಯಾದ ಇಬ್ಬರಲ್ಲಿ ಒಬ್ಬರು ಕೆಲಸ ಬಿಟ್ಟರೆ ಮೂರನೆಯವರನ್ನು ಕರೆಯುತ್ತಾರೆ. ಯಾರೂ ಬಿಡದಿದ್ದರೆ ಪಟ್ಟಿ ರದ್ದಾಗುತ್ತದೆ. ಮತ್ತೆ ಹೊಸ ಅಧಿಸೂಚನೆ, ಹೊಸ ಪರೀಕ್ಷೆ. ಈ ಪಟ್ಟಿಯ ಕೊನೆಯ ದಿನ ಅಕ್ಟೋಬರ್ 14, ಸೋಮವಾರ.

ದೊನಾತೆಲ್ಲಾಗೆ ನಲವತ್ತೊಂದು. ಒಂಬತ್ತು ವರ್ಷಗಳಲ್ಲಿ ಅವಳು ಇಪ್ಪತ್ತೇಳು ಪರೀಕ್ಷೆ ಬರೆದಿದ್ದಳು. ರೋಮ್, ಬಾರಿ, ಸಲೆರ್ನೊ ಎಂದು ಬಸ್ಸಿನಲ್ಲಿ ಹೋಗಿ, ವಸ್ತುಪ್ರದರ್ಶನ ನಡೆಸುವ ಶೆಡ್ಡುಗಳಲ್ಲಿ ಸಾವಿರಾರು ಜನರ ಜೊತೆ ಕೂತು ಬರೆದು ಬಂದಿದ್ದಳು. ಸದ್ಯಕ್ಕೆ ಪೊತೆಂಜಾದ ಕಾಲ್ ಸೆಂಟರೊಂದರಲ್ಲಿ ದಿನಕ್ಕೆ ನಾಲ್ಕು ತಾಸಿನ ಕೆಲಸ. ಅದರ ಕರಾರು ಡಿಸೆಂಬರಿಗೆ ಮುಗಿಯುತ್ತಿತ್ತು; ಮುಂದುವರಿಸುವುದಿಲ್ಲ ಎಂದು ಹೇಳಿಯಾಗಿತ್ತು.

ಕೆಲಸದ ಹುಡುಕಾಟದಲ್ಲಿ ಅವಳು ಸೋಮಾರಿಯಲ್ಲ. ಬೆಳಿಗ್ಗೆ ಏಳಕ್ಕೆ ಸರ್ಕಾರಿ ನೇಮಕಾತಿಯ ಜಾಲತಾಣ ತೆರೆಯುತ್ತಿದ್ದಳು. ನೇಮಕಾತಿ ನಿಯಮ, ಪುರಸಭಾ ನೌಕರರ ಒಪ್ಪಂದ ಎಲ್ಲವನ್ನೂ ಮುದ್ರಿಸಿಕೊಂಡು ಹಳದಿ ಗೆರೆ ಎಳೆದು ಓದಿದ್ದಳು. ವಸಂತದಲ್ಲಿ ಉದ್ಯೋಗ ಕಚೇರಿ ನಡೆಸಿದ ಮೂರು ದಿನದ ತರಬೇತಿಗೂ ಹೋಗಿದ್ದಳು. ಕಾಯುತ್ತ ಕೂರಬೇಡಿ, ಹೋಗಿ ಜನರನ್ನು ಕಾಣಿ; ಎದುರಿನವರ ಮನಸ್ಸಿನಲ್ಲಿ ಏನಿರಬಹುದೆಂದು ಮೊದಲೇ ಯೋಚಿಸಿ, ಉತ್ತರ ಸಿದ್ಧಮಾಡಿಕೊಂಡು ಹೋಗಿ ಎಂದು ಅಲ್ಲಿ ಹೇಳಿಕೊಟ್ಟಿದ್ದರು.

ಸೆಪ್ಟೆಂಬರ್ 26ರ ಗುರುವಾರ ಮರಿಲೆನಾ ಫೋನ್ ಮಾಡಿದಳು. ಶಾಲೆಯ ಗೆಳತಿ, ಈಗ ಪುರಸಭೆಯ ಜನನ–ಮರಣ ವಿಭಾಗದಲ್ಲಿದ್ದಾಳೆ.

"ಲೇ ದೊನಾತೇ, ಕೂತಿದ್ದೀಯೋ ನಿಂತಿದ್ದೀಯೋ?"

"ಬಸ್ಸಲ್ಲಿ ನಿಂತಿದ್ದೀನಿ. ಹೇಳು."

"ಹಾಗಾದ್ರೆ ಕಂಬಿ ಗಟ್ಟಿಯಾಗಿ ಹಿಡ್ಕೋ. ನಮ್ಮ ಜೆರಾರ್ದೊಗೆ ಟೂರಿನ್‌ನಲ್ಲಿ ಕೆಲಸ ಆಯ್ತು. ಕೇಂದ್ರ ಸರ್ಕಾರದ್ದು. ಏಳನೇ ತಾರೀಕು ಸೇರ್ಬೇಕಂತೆ. ಹುದ್ದೆ ಹದಿನಾಲ್ಕರೊಳಗೆ ಖಾಲಿಯಾದ್ರೆ ನಿನ್ನನ್ನೇ ಕರೀತೀವಿ ಅಂತ ನಮ್ಮ ಸಾಹೇಬ್ರು ಬಾಯಿಬಿಟ್ಟು ಹೇಳಿದ್ರು."

"ರಾಜೀನಾಮೆ ಕೊಟ್ನಾ?"

"ಇನ್ನೂ ಇಲ್ಲ. ಅವನು ಒಂದು ಸಾಲು ಬರೆಯೋಕೆ ಮೂರು ದಿನ ತಗೊಳ್ಳೋ ಆಸಾಮಿ. ನೀನು ಸುಮ್ನಿರು, ಆಗುತ್ತೆ."

ಸುಮ್ಮನಿರುವುದು ದೊನಾತೆಲ್ಲಾಗೆ ಆಗಲಿಲ್ಲ. ಹಳದಿ ಗೆರೆ ಎಳೆದ ಒಂದು ವಿಧಿ ಅವಳಿಗೆ ನೆನಪಿತ್ತು. ಕಾಯಂ ನೌಕರ ಇನ್ನೊಂದು ಸರ್ಕಾರಿ ಕೆಲಸಕ್ಕೆ ಸೇರಿದರೆ, ಅಲ್ಲಿನ ಪ್ರೊಬೇಷನ್ ಮುಗಿಯುವವರೆಗೆ ಸಂಬಳವಿಲ್ಲದ ರಜೆ ಹಾಕಿ ಹಳೆಯ ಹುದ್ದೆಯನ್ನು ಕಾಯ್ದಿರಿಸಿಕೊಳ್ಳಬಹುದು. ಟೂರಿನ್‌ನ ಪ್ರೊಬೇಷನ್ ನಾಲ್ಕು ತಿಂಗಳು. ಅಷ್ಟು ದಿನ ಜೆರಾರ್ದೊನ ಕುರ್ಚಿ ಖಾಲಿ ಇರುತ್ತದೆ, ಹುದ್ದೆ ಖಾಲಿ ಇರುವುದಿಲ್ಲ. ಅಷ್ಟರಲ್ಲಿ ಪಟ್ಟಿ ಸತ್ತಿರುತ್ತದೆ.

ಶನಿವಾರ ಬೆಳಿಗ್ಗೆ ಬೇಕರಿಯಲ್ಲಿ ಸಿಹಿ ಕಟ್ಟಿಸಿಕೊಂಡು ಅವಳು ಕೊಲಂಜೆಲೊ ಮನೆಗೆ ಹೋದಳು. ಜೆರಾರ್ದೊನ ತಾಯಿ ಆಸುಂತಾ ಅಡುಗೆಮನೆಯಲ್ಲಿ ಕೂತು ಸೂಜಿ ದಾರದಿಂದ ಕೆಂಪು ಮೆಣಸಿನಕಾಯಿ ಪೋಣಿಸುತ್ತಿದ್ದರು.

"ಬಾ ಮಗಳೇ. ಇಷ್ಟೊಂದು ಯಾಕೆ ತಂದೆ? ಮದುವೆ ನಿಶ್ಚಯ ಆಯ್ತಾ?"

"ಆಗಿದ್ರೆ ಇನ್ನೂ ದೊಡ್ಡ ಪೊಟ್ಟಣ ತರ್ತಿದ್ದೆ."

ಜೆರಾರ್ದೊ ನಕ್ಕು ಕಾಫಿಗೆ ಇಟ್ಟ. ಅವನಿಗೆ ಇಪ್ಪತ್ತೊಂಬತ್ತು. ಆಸುಂತಾ ಮಾತು ನಿಲ್ಲಿಸಲಿಲ್ಲ. "ಟೂರಿನ್ ಅಂತೆ ಟೂರಿನ್. ಅಲ್ಲಿಯೋರು ಎದುರುಮನೇಲಿ ಹೆಣ ಇದ್ರೂ ಬಾಗ್ಲು ತೆಗೆಯಲ್ಲ."

"ಅಮ್ಮ, ನೀನು ಟೂರಿನ್ ನೋಡೇ ಇಲ್ಲ."

"ನಿಮ್ಮಪ್ಪ ನೋಡಿದ್ರಲ್ಲ, ಹನ್ನೊಂದು ವರ್ಷ. ವಾಪಸ್ ಬರೋವಾಗ ಕೆಮ್ಮು ತಂದ್ರು. ಅಲ್ಲಿ ಹಿಡಿಸದಿದ್ರೆ ಏನು ಮಾಡ್ತೀಯೋ? ಇಲ್ಲಿದ್ದದ್ದೂ ಹೋಗಿರುತ್ತೆ."

"ಮೂರು ದಿನದಿಂದ ಇದೇ ರಾಗ," ಎಂದು ಜೆರಾರ್ದೊ ದೊನಾತೆಲ್ಲಾ ಕಡೆ ತಿರುಗಿದ. "ನೀವು ಯಾಕೆ ಬಂದ್ರಿ ಅಂತ ಗೊತ್ತು. ಯೋಚನೆ ಮಾಡ್ಬೇಡಿ, ಸೋಮವಾರ ಕಾಗದ ಕೊಡ್ತೀನಿ."

ಯಾವ ಕಾಗದ ಎಂದು ಅವನು ಹೇಳಲಿಲ್ಲ. ತಾಯಿಯ ಮಾತು ಕೇಳಿದ ಮೇಲೆ, ಅದು ರಜೆಯ ಅರ್ಜಿಯೇ ಎಂಬುದರಲ್ಲಿ ದೊನಾತೆಲ್ಲಾಗೆ ಅನುಮಾನ ಉಳಿದಿರಲಿಲ್ಲ. ಎರಡು ದಿನದಿಂದ ಸಿದ್ಧಮಾಡಿಕೊಂಡಿದ್ದ ಮಾತನ್ನು ಆಡಿದಳು.

"ಜೆರಾರ್ದೊ, ತಪ್ಪು ತಿಳ್ಕೋಬೇಡ. ನಾಲ್ಕು ತಿಂಗಳು ಹುದ್ದೆ ಕಾಯ್ದಿರಿಸ್ಕೊಳ್ಳೋದು ನಿನ್ನ ಹಕ್ಕು, ನಾನು ಇಲ್ಲ ಅನ್ನಲ್ಲ. ಆದ್ರೆ ಪ್ರೊಬೇಷನ್‌ನಲ್ಲಿ ಯಾರನ್ನೂ ಮನೆಗೆ ಕಳ್ಸಲ್ಲ, ನಿನಗೂ ಗೊತ್ತು. ನಿನಗದು ಬರೀ ಧೈರ್ಯಕ್ಕೆ. ನನಗೆ ಹದಿನಾಲ್ಕು ದಾಟಿದ್ರೆ ಎಲ್ಲ ಮುಗೀತು. ಆ ರಜೆ ಕೇಳ್ಬೇಡ. ನೇರ ರಾಜೀನಾಮೆ ಕೊಟ್ಬಿಡು."

ಆಸುಂತಾರ ಸೂಜಿ ನಿಂತಿತು.

"ಯಾವ ರಜೆ?" ಎಂದ ಜೆರಾರ್ದೊ.

ಅವನು ಮೇಜಿನ ಖಾನೆಯಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ತೋರಿಸಿದ. ಅದು ರಾಜೀನಾಮೆ ಪತ್ರ. ಸಹಿ ಹಾಕಿ, ಸೋಮವಾರದ ದಿನಾಂಕವನ್ನೂ ಬರೆದಿಟ್ಟಿದ್ದ.

"ನಾನು ಇದನ್ನ ಕೊಡೋನಿದ್ದೆ. ಕಾಯ್ದಿರಿಸೋದು ಅಂದ್ರೆ ಏನು?"

"ಕೆಲಸ ಇಟ್ಕೊಂಡೇ ಹೋಗ್ಬಹುದಾ?" ಎಂದರು ಆಸುಂತಾ. "ಅದನ್ನೇನಾ ಇವಳು ಹೇಳಿದ್ದು?"

"ಎಲ್ಲರಿಗೂ ಅನ್ವಯ ಆಗಲ್ಲ," ಎಂದಳು ದೊನಾತೆಲ್ಲಾ.

ಜೆರಾರ್ದೊ ಆಗಲೇ ಮೊಬೈಲಿನಲ್ಲಿ ಹುಡುಕುತ್ತಿದ್ದ. "ಕಾಯಂ ನೌಕರರಿಗೆ ಅಂತಿದೆ. ನಾನು ಕಾಯಂ ತಾನೇ?"

"ಹೌದು."

ಒಲೆಯ ಮೇಲೆ ಕಾಫಿ ಉಕ್ಕಿತು. ಅವನು ಎದ್ದು ಬಗ್ಗಿಸಿ ತಂದ. ಮುಖ ನೋಡದೆ ಹೇಳಿದ. "ಕ್ಷಮಿಸಿ. ನನಗೆ ಗೊತ್ತಿಲ್ದೇ ಇದ್ದಿದ್ರೆ ಕೊಟ್ಟೇಬಿಡ್ತಿದ್ದೆ. ಆಣೆಗೂ."

"ಗೊತ್ತು."

"ಈಗ ಗೊತ್ತಿದ್ದೂ ಕೊಟ್ರೆ ಅಮ್ಮ..."

"ಅಮ್ಮ ಸಾಯ್ತಾಳೆ," ಎಂದರು ಆಸುಂತಾ. ಕಣ್ಣೊರೆಸಿಕೊಂಡು ಎದ್ದು ಬಂದು ದೊನಾತೆಲ್ಲಾಳ ಎರಡು ಕೆನ್ನೆಗೂ ಮುತ್ತಿಟ್ಟರು. "ದೇವರೇ ನಿನ್ನನ್ನ ಕಳಿಸ್ದ ಮಗಳೇ. ಹೊಸ ಪರೀಕ್ಷೆ ಬರುತ್ತೆ, ಬರಿ. ನಿನಗೆ ಎಷ್ಟೆಲ್ಲ ಗೊತ್ತಿದೆ ನೋಡು, ನಿನಗೆ ಸಿಗದೆ ಇನ್ಯಾರಿಗೆ ಸಿಗುತ್ತೆ?"

ಹಿಂದಿನ ಸಲ ಅಧಿಸೂಚನೆಯಿಂದ ಪಟ್ಟಿಯವರೆಗೆ ಇಪ್ಪತ್ತಾರು ತಿಂಗಳು ಹಿಡಿದಿತ್ತು. ನಾಳೆಯೇ ಅಧಿಸೂಚನೆ ಬಂದರೂ ಪಟ್ಟಿ ಬರುವಷ್ಟರಲ್ಲಿ ಅವಳಿಗೆ ನಲವತ್ತಮೂರು ದಾಟಿರುತ್ತದೆ. ಕಾಫಿ ಬಿಟ್ಟು ಎದ್ದರೆ ತಪ್ಪಾಗುತ್ತದೆಂದು ಕುಡಿದು ಮುಗಿಸಿದಳು. ಜೆರಾರ್ದೊ ಬಾಗಿಲವರೆಗೆ ಬಂದು, ಅರ್ಜಿ ಯಾರ ಹೆಸರಿಗೆ ಬರೆಯಬೇಕು ಎಂದು ಕೇಳಿದ. ಹೇಳಿದಳು.

ಸೋಮವಾರ ಹನ್ನೊಂದಕ್ಕೆ, ಕಾಲ್ ಸೆಂಟರಿನ ವಿರಾಮದಲ್ಲಿದ್ದಾಗ, ಮರಿಲೆನಾಳ ಫೋನ್ ಬಂತು.

"ನೋಡಿದ್ಯಾ ಆ ಕಳ್ಳನ್ನ! ರಾಜೀನಾಮೆ ಅಲ್ಲ ಕಣೇ, ನಾಲ್ಕು ತಿಂಗಳು ರಜೆ. ವಿಧಿ ಸಂಖ್ಯೆ ಸಮೇತ ಬರ್ದಿದ್ದಾನೆ. ನಮ್ಮ ಸಾಹೇಬ್ರಿಗೇ ಗೊತ್ತಿರ್ಲಿಲ್ಲ, ಪುಸ್ತಕ ತೆಗೆದು ನೋಡಿ ಒಪ್ಪಿದ್ರು. ಒಂದು ಪ್ರಮಾಣಪತ್ರದಲ್ಲಿ ಮೂರು ತಪ್ಪು ಮಾಡೋನು! ಅವನಿಗೆ ಇದನ್ನೆಲ್ಲ ಯಾವ ಪುಣ್ಯಾತ್ಮ ಹೇಳ್ಕೊಟ್ನೋ?"

"ಗೊತ್ತಿಲ್ಲ," ಎಂದಳು ದೊನಾತೆಲ್ಲಾ. ವಿರಾಮ ಮುಗಿಯಲು ಇನ್ನೂ ನಾಲ್ಕು ನಿಮಿಷ ಇತ್ತು. ಅವಳು ಹೆಡ್‌ಫೋನ್ ಹಾಕಿಕೊಂಡು ಮುಂದಿನ ಕರೆ ತೆಗೆದುಕೊಂಡಳು.